ಅತ್ತೆಯ ಗುಂಡು ಸಂಶೋಧನೆ

ನಮ್ಮ ಸೋದರತ್ತೆಗೆ ಗುಂಡಿನ ಹುಚ್ಚಿತ್ತು ಎಂದರೆ ನೀವು ತಪ್ಪು ತಿಳಿಯುತ್ತೀರಿ. ತಿಳಿಯಿರಿ, ಪರವಾಗಿಲ್ಲ. ಅವರು ಜೀವಮಾನದಲ್ಲಿ ಕುಡಿದ ಅತಿ ಘಾಟಿನ ಪದಾರ್ಥವೆಂದರೆ ಶುಂಠಿ ಕಷಾಯ. ಹುಚ್ಚಿದ್ದದ್ದು ಆ ಪದದ ಮೇಲೆ. ಯಾವ ಹೊಸ ಮಾತು ಕಿವಿಗೆ ಬಿದ್ದರೂ ಅದರ ಹುಟ್ಟು ತಿಳಿಯುವ ತನಕ ಅವರಿಗೆ ಊಟ ಸೇರುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಬಸವೇಶ್ವರನಗರದ ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಮಹಡಿಯ ಪೋರ್ಷನ್ನಿನಲ್ಲಿ ಫ್ಯಾಕ್ಟರಿ ಕೆಲಸದ ಮೂವರು ಹುಡುಗರು ಬಾಡಿಗೆಗಿದ್ದರು. ಒಂದು ಭಾನುವಾರ ಮಧ್ಯಾಹ್ನ ಮೇಲೆ ಹಾಡು, ಕುಣಿತ, ಕೇಕೆ. ನಮ್ಮ ಸಾರಿನ ಬಟ್ಟಲಿಗೆ ಚಾವಣಿಯ ಸುಣ್ಣ ಉದುರಿತು. ಪಕ್ಕದ ಮನೆಯ ನಿವೃತ್ತ ಹವಾಲ್ದಾರರು ಗೇಟಿಗೇ ಬಂದರು.

“ಅಮ್ಮಾ, ನಿಮ್ಮ ಹುಡುಗ್ರು ಗುಂಡು ಹಾಕ್ತಾ ಇದಾರೆ. ಇವತ್ತೇ ಖಾಲಿ ಮಾಡಿಸಿ.”

“ಮಾಡಿಸೋಣ. ಅದಕ್ಕೆ ಗುಂಡು ಅಂತ ಯಾಕಂತಾರೆ?”

ಹವಾಲ್ದಾರರು ತಡವರಿಸಿದರು. “ಅದು ನಮ್ಮ ಮಿಲಿಟರಿ ಮಾತು. ಬಂದೂಕಿನ ಗುಂಡು ತಗುಲಿದೋನು ಹೇಗೆ ಬೀಳ್ತಾನೋ, ಕುಡಿದೋನೂ ಹಾಗೇ ಬೀಳ್ತಾನೆ.”

“ಇವರು ಬಿದ್ದಿಲ್ವಲ್ಲ, ಕುಣೀತಾ ಇದಾರೆ.”

ಹೆಸರಿನ ಹುಟ್ಟೇ ಗೊತ್ತಿಲ್ಲದ ತಪ್ಪಿಗೆ ಯಾರನ್ನಾದರೂ ಮನೆ ಬಿಡಿಸುವುದುಂಟೇ ಎಂಬುದು ಅತ್ತೆಯ ವಾದ. ಅಷ್ಟರಲ್ಲಿ ಬೀದಿಯಲ್ಲಿ ಹೂವಿನಾಕೆ ಬಂದಳು. ಅತ್ತೆ ಅವಳನ್ನೂ ಕೇಳಿದರು.

“ಗುಂಡು ಅಂದ್ರೆ ಮಲ್ಲಿಗೆ ಕಣಮ್ಮ. ಎಷ್ಟು ಮೊಳ ಕೊಡ್ಲಿ?”

ಇನ್ನು ತಡೆಯಲಾರದೆ ಅತ್ತೆ ಮಹಡಿ ಹತ್ತಿದರು. ಹಿಂದೆಯೇ ನಾನು. ಬಾಗಿಲು ತೆರೆದದ್ದೇ ತಡ, ಬಾಟಲಿಗಳು ಮಂಚದಡಿ ಸೇರಿದವು. ಗಾಬರಿಯಲ್ಲಿ ಒಬ್ಬ ಹುಡುಗನೂ ಅವುಗಳ ಜೊತೆಗೇ ಸೇರಿದ.

“ಮುಚ್ಚಿಡಬೇಡ್ರಪ್ಪಾ, ಅದೇನಂತ ನಂಗೊತ್ತು. ಗುಂಡು ಅಂತ ಯಾಕಂತಾರೆ, ಅಷ್ಟು ಹೇಳಿ ಸಾಕು.”

ಮಂಚದಡಿಯಿಂದ ಉತ್ತರ ಬಂತು: “ಹಾಕಿದ್ಮೇಲೆ ಭೂಮಿ ಗುಂಡಗಿದೆ ಅಂತ ಗೊತ್ತಾಗುತ್ತಮ್ಮ.”

ಅತ್ತೆ ಗೋಡೆ ಹಿಡಿದುಕೊಂಡು ನಕ್ಕರು. “ಈಚೆ ಬಾರೋ. ಏನಿವತ್ತು ಅಂಥಾ ವಿಶೇಷ?”

ಅವನು ತಲೆಗೆ ಮೆತ್ತಿದ ಜೇಡರ ಬಲೆಯೊಂದಿಗೆ ತೆವಳಿ ಬಂದ. “ನಿನ್ನೆ ಊರಿಂದ ತಂತಿ ಬಂತಮ್ಮ. ನಂಗೆ ಮಗಳು ಹುಟ್ಟಿದಾಳೆ. ರಜಾನೇ ಕೊಡ್ಲಿಲ್ಲ, ಅದಕ್ಕೆ ಇಲ್ಲೇ...”

ಅತ್ತೆ ಕೆಳಗಿಳಿದು ಹೋದರು. ಹುಡುಗರು ಪೆಟ್ಟಿಗೆ ಕಟ್ಟುವುದೋ ಬೇಡವೋ ಎಂದು ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತಿಗೆ ಅತ್ತೆ ಬಿಸಿ ಶಾವಿಗೆ ಪಾಯಸದ ಪಾತ್ರೆ ಹಿಡಿದು ಬಂದರು.

“ನಾನು ಹುಟ್ಟಿದಾಗ ಹೆಣ್ಣು ಅಂತ ಕೇಳಿ ನಮ್ಮಪ್ಪ ತಿಂಗಳುಗಟ್ಟಲೆ ಮುಖ ನೋಡೋಕೆ ಬರಲಿಲ್ವಂತೆ,” ಎಂದರು. “ನೀವು ಕುಣೀರಪ್ಪಾ.”

ತಾತನ ಈ ಸಂಗತಿ ನನಗೂ ಗೊತ್ತಿರಲಿಲ್ಲ. ಯಾರೂ ಕುಣಿಯಲಿಲ್ಲ. ಹೊಸ ಅಪ್ಪ ಮೊದಲ ಲೋಟಕ್ಕೆ ಪಾಯಸ ತುಂಬಿ, ಎರಡೂ ಕೈಯಲ್ಲಿ ಹಿಡಿದು, ಅತ್ತೆಗೇ ಕೊಟ್ಟ.