ಡಿವೈಡರ್ ಹಾರಿದರೆ ಹತ್ತು ಕೊಡ ನೀರು

ರಸ್ತೆ ಕೆಲಸದವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ನಗುವೇ ಲಾರಿ ಹತ್ತಿ ನಾವಿದ್ದಲ್ಲಿಗೆ ಬರುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಕೂಡ್ಲಿಗಿ ಹತ್ತಿರ ಹೆದ್ದಾರಿ ಅಗಲ ಮಾಡುವ ಕ್ಯಾಂಪಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಹೆಂಡತಿ ಹಿರೇಹಡಗಲಿಯಲ್ಲಿ ಶಾಲೆ ಟೀಚರು. ಮದುವೆಯಾಗಿ ಎರಡು ವರ್ಷವಾಗಿದ್ದರೂ ನಾವು ಜೊತೆಗಿದ್ದದ್ದು ಬರೀ ಭಾನುವಾರ. ಅದೂ ರಜೆ ಸಿಕ್ಕರೆ!

೧. ಚುಕ್ಕಿ

ಕ್ಯಾಂಪಿನ ಗೋಡೆ ಮೇಲೆ ದೇಶದ ಹೆದ್ದಾರಿಗಳ ನಕಾಶೆ ಇತ್ತು. ಉತ್ತರ, ದಕ್ಷಿಣ ಎಲ್ಲ ಕಡೆ ಕೆಂಪು ಗೆರೆ. ಸೋಲಾಪುರದಿಂದ ಮಂಗಳೂರಿಗೆ ಇಳಿಯುವ ಗೆರೆ ನಮ್ಮದು. ಹಿರೇಹಡಗಲಿ ಮಾತ್ರ ಎಲ್ಲೂ ಇರಲಿಲ್ಲ. ಅಲ್ಲಿಗೆ ಹೋಗಲು ಕೊಟ್ಟೂರಿಗೆ ಒಂದು ಬಸ್ಸು, ಹಗರಿಬೊಮ್ಮನಹಳ್ಳಿಗೆ ಇನ್ನೊಂದು, ಹಡಗಲಿಗೆ ಮತ್ತೊಂದು, ಅಲ್ಲಿಂದ ಮುಂದೆ ದೇವರು ಕಳಿಸಿದ್ದು. ಬೇಜಾರಾಗಿ ಆ ಊರು ಇರಬೇಕಾದ ಕಡೆ ನಾನೇ ಪೆನ್ನಿನಿಂದ ಒಂದು ಚುಕ್ಕಿ ಇಟ್ಟೆ.

ನಮ್ಮ ಇಂಜಿನಿಯರು ಅದನ್ನು ನೋಡಿ, "ಇದೇನಲೇ, ಹೊಸಾ ಪ್ಲಾನಾ?" ಅಂದರು.

"ಇಲ್ರಿ ಸರ, ನನ್ನ ಹೆಂಡ್ತಿ."

ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಹುಚ್ಚಪ್ಪ, ಚುಕ್ಕಿ ಹೆಂಗೂ ನೀನೇ ಇಟ್ಟೀದಿ. ಸ್ವಲ್ಪ ಈ ಕಡೆ ಇಡಾಕ ಏನಾಗಿತ್ತು?"

೨. ಕಣ

ಹೊಸ ಡಾಂಬರು ಆರುವುದೇ ತಡ, ಪಕ್ಕದ ಹೊಲದ ರೈತ ರಸ್ತೆ ತುಂಬ ಹುರುಳಿ ಹರವಿಬಿಟ್ಟ. ಗಾಡಿ ತುಳಿದು ಹೋದರೆ ಕಾಳು ತಾನೇ ಬಿಡುತ್ತದೆ, ಕಣ ಮಾಡುವ ಕೆಲಸ ತಪ್ಪುತ್ತದೆ. ಅವತ್ತು ಶನಿವಾರ, ನನಗೆ ಕೊಟ್ಟೂರು ಬಸ್ಸಿನ ಚಿಂತೆ.

"ತೆಗಿಯೋ ಮಾರಾಯ, ಇಂಜಿನಿಯರು ಬರೋ ಹೊತ್ತಾತು!" ಅಂದೆ.

"ಬರ್ಲಿ ಬಿಡ್ರಿ, ಚೊಲೋನ ಆತು," ಅಂದ.

ಜೀಪು ಬಂತು, ಹುರುಳಿ ಮೇಲೆ ಹಾದು ನಿಂತಿತು. ಇಂಜಿನಿಯರು ಕೆಂಡವಾಗಿ ಕೆಳಗಿಳಿದರು. ರೈತ ಕೈಮುಗಿದು, "ಸಾಹೇಬ್ರ, ಸಿಟ್ಟು ಆಮ್ಯಾಲೆ ಮಾಡ್ರಿ. ಮೊದ್ಲು ಒಂದೀಟು ಹಿಂದಕ ತಗೋರಿ, ಆ ಬದಿ ಕಾಳು ಬಿಟ್ಟಿಲ್ಲ," ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಸ್ತೆ ಗುಡಿಸುವಷ್ಟರಲ್ಲಿ ಬಸ್ಸು ಹೋಗಿತ್ತು, ಆ ಭಾನುವಾರವೂ ಹೋಯಿತು.

೩. ಫೋನು

ಅವಳ ಶಾಲೆ ಎದುರಿನ ಕಿರಾಣಿ ಅಂಗಡಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದೆ. ಅಂಗಡಿಯವನು ಅವಳನ್ನು ಕರೆಸುತ್ತಿದ್ದ. ಕೊಳ್ಳಲು ಬಂದವರೆಲ್ಲ ಬೆಲ್ಲ, ಬೇಳೆ ಮರೆತು ನಿಂತು ಕೇಳುತ್ತಿದ್ದರು. ಅದಕ್ಕೇ ಅವಳು ಬೈಗುಳ ಬಿಟ್ಟು ಬೇರೇನೂ ಆಡುತ್ತಿರಲಿಲ್ಲ.

"ಸೋಲಾಪುರದವ್ರು ಮಂಗಳೂರಿಗೆ ಲಗೂನ ಹೋಗ್ಲಿ ಅಂತ ನೀವಲ್ಲಿ ಕುಂತೀರಲ್ಲ, ಅವ್ರಿಗೆ ಅಲ್ಲೇನ್ ಗಡಿಬಿಡಿ ಐತ್ರಿ? ಗಡಿಬಿಡಿ ಇರೋದು ನನಗ!"

ಹಿಂದಿನಿಂದ ಅಂಗಡಿಯವನ ದನಿ ಕೇಳಿತು: "ಹೌದ್ರಿ ಸರ, ಲಗೂನ ಬಂದುಬಿಡ್ರಿ. ಟೀಚರು ಬಾಳ ಸೊರಗ್ಯಾರ."

೪. ಹತ್ತು ಕೊಡ

ರಸ್ತೆ ನಡುವೆ ಡಿವೈಡರ್ ಕಟ್ಟಿ ಕಣಗಿಲ ಸಸಿ ನೆಟ್ಟೆವು. ದಾಟಲು ಬಿಟ್ಟ ಜಾಗ ಅರ್ಧ ಕಿಲೋಮೀಟರು ಆಚೆ. ಜನ ಅಷ್ಟು ದೂರ ಹೋಗುತ್ತಾರೆಯೇ? ಹಾರುತ್ತಿದ್ದರು, ಸಸಿ ಮುರಿಯುತ್ತಿದ್ದರು. ಬೈದು ಬೈದು ಸಾಕಾಗಿ ನಾನೇ ಒಂದು ಕಾನೂನು ಮಾಡಿದೆ: ಹಾರಿದವರು ಸಸಿಗಳಿಗೆ ಹತ್ತು ಕೊಡ ನೀರು ಹಾಕಬೇಕು. ಕ್ಯಾಂಪಿನ ಮುಂದೆ ಶೇಂಗಾ ಮಾರುವ ಅಜ್ಜಿಯಿಂದಲೂ ಎರಡು ಸಲ ಹಾಕಿಸಿದ್ದೆ, ಪಾಪ.

ಮೂರು ವಾರದಿಂದ ರಜೆ ಇರಲಿಲ್ಲ. ಅವಳ ಮುಖ ನೋಡದೆ ನನಗೆ ಊಟವೇ ಸೇರುತ್ತಿರಲಿಲ್ಲ. ಆ ಭಾನುವಾರ ರಸ್ತೆಯ ಆಚೆ ಬದಿಗೆ ಒಂದು ಬಸ್ಸು ನಿಂತು ಹೋಯಿತು. ನೋಡಿದರೆ, ಬುತ್ತಿಗಂಟು ಹಿಡಿದು ನನ್ನ ಹೆಂಡತಿ!

"ಎರಡರ ಬಸ್ಸಿಗೆ ಹೊಳ್ಳಿ ಹೋಗ್ಬೇಕ್ರಿ!" ಅಂತ ಅಲ್ಲಿಂದಲೇ ಕೂಗಿದಳು.

ಅರ್ಧ ಕಿಲೋಮೀಟರು ಸುತ್ತುವ ತಾಳ್ಮೆ ಯಾರಿಗಿದೆ? ಹಾರಿಯೇಬಿಟ್ಟೆ. ಒಂದು ಸಸಿಯೂ ಮುರಿಯಿತು.

ಅಜ್ಜಿ ಖಾಲಿ ಕೊಡ ತಂದು ಕುಕ್ಕಿದಳು. "ನಮಗೊಂದು ನ್ಯಾಯ, ನಿಮಗೊಂದಾ, ಸಾಹೇಬ್ರ?"

ಇಂಜಿನಿಯರು ಹೊಟ್ಟೆ ಹಿಡಿದು ನಕ್ಕರು. "ದಂಡ ಅಂದ್ರ ದಂಡ. ಹತ್ತು ಕೊಡ ಮುಗಿಯೋತನಕ ನಿನಗ ಬೇರೆ ಕೆಲಸ ಇಲ್ಲ. ಮುಗೀತೋ, ಸೀದಾ ಬಂದು ರೋಲರ್ ಹತ್ರ ನಿಂದರು."

ಹೆಂಡತಿ ನನ್ನ ಜೊತೆಗೇ ಹೊರಟಳು. ನೀರಿನ ತೊಟ್ಟಿ ದೂರವಿತ್ತು. ಹೋಗುವಾಗ ಅವಳ ಮಾತು, ಬರುವಾಗ ನನ್ನದು. ನಾಲ್ಕನೇ ಕೊಡಕ್ಕೆ ಕೂತು ರೊಟ್ಟಿ ತಿಂದೆವು. ಎರಡು ವರ್ಷದಲ್ಲಿ ನಾವು ಅಷ್ಟು ಮಾತಾಡಿದ್ದೇ ಇಲ್ಲ. ಬರಬರುತ್ತಾ ಇಬ್ಬರ ಹೆಜ್ಜೆಯೂ ನಿಧಾನವಾಯಿತು.

"ಇದು ಎಷ್ಟನೇದ್ರಿ?" ಅಂದಳು.

"ಹತ್ತನೇದು," ಅಂದೆ.

ಅವಳು ಕೊನೆಯ ಸಸಿಗೆ ನೀರು ಸುರಿದಳು. ಸೆರಗು ಸೊಂಟಕ್ಕೆ ಸಿಗಿಸಿ, ತಾನು ಟೀಚರಮ್ಮ ಅನ್ನುವುದನ್ನೂ ನೋಡದೆ ಡಿವೈಡರ್ ಹತ್ತಿ ನಿಂತಳು.

"ಅಜ್ಜಿ, ಈ ಕಡಿ ನೋಡ್ರಿ! ನಾನೂ ಹಾರ್ತೀನಿ, ನನಗೂ ಹತ್ತು ಕೊಡ ದಂಡ ಹಾಕ್ರಿ!"