ಚಿಪ್ಪು ಬದಲಿಸಿದ ಪಂಡಿತರು

ಡೌನ್‌ಲೋಡ್ ಪುಟದಲ್ಲಿ ಒಂದೇ ಗುಂಡಿ ಇದ್ದಿದ್ದರೆ ಪಂಡಿತರ ದಿನ ನೆಟ್ಟಗಿರುತ್ತಿತ್ತು. ಇದ್ದದ್ದು, ಕಂಪ್ಯೂಟರಿನೊಳಗಿನ ಚಿಪ್ಪಿನ ಬಗೆಗೊಂದರಂತೆ, ಮೂರು: ಎಕ್ಸ್86, ಎಎಂಡಿ64, ಎಆರ್‌ಎಂ64.

ಕಂಪ್ಯೂಟರ್ ವಿಷಯದಲ್ಲಿ ಯಾರ ಮಾತೂ ಕೇಳದವರೆಂದು ಬೀದಿಯವರೇ ಇಟ್ಟ ಹೆಸರು ಪಂಡಿತರು. ಫುಟ್‌ಬಾಲ್ ತಂಡವೊಂದರ ಲಾಂಛನ ಹೊಲಿದುಕೊಡುವ ಆರ್ಡರ್ ಅವರ ಹೆಂಡತಿಗೆ ಸಿಕ್ಕಿತ್ತು, ಮೊದಲನೆಯ ದೊಡ್ಡ ಆರ್ಡರ್. ಸಂಜೆಯೊಳಗೆ ಕೊಡದಿದ್ದರೆ ಕೈತಪ್ಪುತ್ತದೆ. ಕಸೂತಿ ಯಂತ್ರದ ಸಾಫ್ಟ್‌ವೇರನ್ನು ಹೊಸ ಕಂಪ್ಯೂಟರಿಗೆ ಹಾಕುವುದಷ್ಟೇ ಬಾಕಿ.

"ಯಾವುದ್ರೀ ಒತ್ತೋದು?" ಎಂದಳು ಹೆಂಡತಿ.

"ಅರವತ್ನಾಲ್ಕಕ್ಕಿಂತ ಎಂಬತ್ತಾರು ದೊಡ್ಡದಲ್ವೇನೇ? ಇಷ್ಟೂ ಗೊತ್ತಾಗಲ್ವಾ!"

ಎಂಬತ್ತಾರು ಒಳಗೆ ಹೋಗಿ ಕೂತಿತು. ಲಾಂಛನ ತೆರೆದದ್ದೇ ತಡ, 'ಮೆಮೊರಿ ಸಾಲದು' ಎಂದು ಮಲಗಿತು. ಎಆರ್‌ಎಂ ಒತ್ತಿದರೆ ಅದು ಒಳಗೇ ಬರಲಿಲ್ಲ.

ಪಕ್ಕದ ಮನೆಯ ಕಾಂಪೌಂಡರ್ ಕಿಟಕಿಯಲ್ಲಿ ಇಣುಕಿದ. "ಸಾರ್, ನಡುವಿಂದು ಉಳೀತಲ್ಲ, ಒತ್ತಿ ನೋಡಿ."

"ರೀ, ಅದು ಎಎಂಡಿ ಚಿಪ್ಪಿಗೆ. ನಮ್ಮದರ ಮೇಲೆ ಇಂಟೆಲ್ ಸ್ಟಿಕರ್ ಕಾಣಿಸ್ತಿಲ್ವಾ? ಯಾರದೋ ಅಳತೆಯ ಅಂಗಿ ನಾನು ಹಾಕ್ಕೊಳ್ಳೋಕಾಗುತ್ತಾ?"

"ಹಂಗಾದ್ರೆ ನಮ್ಮನೇಲಿರೋ ಹಳೇ ಡಬ್ಬ ಕಂಪ್ಯೂಟರ್ ಎಎಂಡಿದೇ..."

ಪಂಡಿತರ ಕಣ್ಣು ಹೊಳೆಯಿತು. "ತನ್ನಿ ಇಲ್ಲಿ! ಇದನ್ನ ನೀವಿಟ್ಕೊಳ್ಳಿ!"

ಕಾಂಪೌಂಡರ್ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಅವರ ಮನಸ್ಸು ಬದಲಾಗುವ ಮೊದಲೇ ಹೊಸದನ್ನು ಹೊತ್ತೊಯ್ದ. ಹಳೆಯದು ಕೆಮ್ಮಿ ಕ್ಯಾಕರಿಸಿ ಎದ್ದಿತು. ನಡುವಿನ ಗುಂಡಿ ಒತ್ತಿದ್ದೇ ಕೆಲಸ ಶುರು! ಸಂಜೆ ತಂಡದವರು ಲಾಂಛನಗಳನ್ನು ಹೊಗಳಿ ಒಯ್ದರು. ಪಂಡಿತರು ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು, ಹೋಗಿಬರುವವರನ್ನೆಲ್ಲ ತಡೆದು ಚಿಪ್ಪಿನ ಮರ್ಮ ವಿವರಿಸಿದರು. ಹೆಂಡತಿಗೂ ಹೆಮ್ಮೆಯೋ ಹೆಮ್ಮೆ.

ಆಗ ಕಾಂಪೌಂಡರ್ ಓಡಿಬಂದ. "ಸಾರ್, ನಮ್ಮಮ್ಮನಿಗೂ ಕಸೂತಿ ಹುಚ್ಚು ನೋಡಿ. ಕನ್ನಡಕ ಹಾಕ್ಕೊಳ್ದೇನೇ ಅದೇ ನಡುವಿಂದು ಒತ್ತಿಬಿಟ್ರು. ಬಾಣದ ಹಾಗೆ ಓಡ್ತಿದೆ! ಇಂಟೆಲ್, ಎಎಂಡಿ ಎರಡೂ ಕಂಪನಿ ಚಿಪ್ಪಿಗೂ ಅದೇ ಅಂತ ಪುಟದ ಕೆಳಗೇ ಬರೆದಿದೆ ಸಾರ್. ನಿಮ್ಮದು ವಾಪಸ್ ತಂದುಕೊಡ್ಲಾ? ಪಾಪ, ಗೊತ್ತಿಲ್ದೆ ಕೊಟ್ರಿ."

ಗೊತ್ತಿಲ್ಲದೆಯೇ! ಅದೂ ಬೀದಿಯವರೆಲ್ಲ ನಿಂತು ಕೇಳುತ್ತಿರುವಾಗ! ಪಂಡಿತರಿಗೆ ಉರಿದುಹೋಯಿತು.

"ಗೊತ್ತಿಲ್ದೆ ಏನ್ರೀ? ಗೊತ್ತಿದ್ದೇ ಕೊಟ್ಟಿದ್ದು! ನಿಮ್ಮ ತಾಯಿಗೊಂದು ಹೊಸದು ಇರಲಿ ಅಂತ. ಸುಮ್ನೆ ಕೊಟ್ರೆ ನೀವು ಸಂಕೋಚ ಪಟ್ಕೋತಿದ್ರಿ."

ಕಾಂಪೌಂಡರ್ ಎರಡೂ ಕೈ ಜೋಡಿಸಿ ಮುಗಿದ. ಹೆಂಡತಿಯ ಕಣ್ಣಲ್ಲಿ ನೀರೇ ಬಂತು. "ಎಂಥ ದೊಡ್ಡ ಮನಸ್ಸು ರೀ ನಿಮ್ಮದು! ನಾನೊಬ್ಬಳು ದಡ್ಡಿ, ತಿಳೀಲೇ ಇಲ್ಲ" ಎನ್ನುತ್ತ ಒಳಗೋಡಿ, ಇನ್ನೂ ಬಿಚ್ಚದ ಪೆಟ್ಟಿಗೆಯೊಂದನ್ನು ತಂದಳು. "ತಗೊಳ್ಳಿ, ಆ ಹೊಸ ಕಂಪ್ಯೂಟರ್ ಜೊತೆ ಬಂದ ಪ್ರಿಂಟರು. ಇದೂ ಅಮ್ಮನಿಗೇ ಇರ್ಲಿ. ನಮ್ಮನೆಯವರು ಬೇಡ ಅನ್ನೋರಲ್ಲ."

ಪಂಡಿತರು ಬೇಡ ಅನ್ನಲಿಲ್ಲ. ಎದೆ ಸೆಟೆಸಿಕೊಂಡು, ಪೆಟ್ಟಿಗೆಯನ್ನು ಪಕ್ಕದ ಮನೆಯವರೆಗೂ ತಾವೇ ಹೊತ್ತುಕೊಟ್ಟು ಬಂದರು.