ಝಣಝಣನ ಸ್ವಿಚ್ಚು ಜಾಗ ಬಿಟ್ಟಿದ್ದು

ಇಷ್ಟೆಲ್ಲಾ ರಾದ್ಧಾಂತಕ್ಕೆ ಕಾರಣ ಕಿರುಬೆರಳಿನ ತುದಿಯಷ್ಟಿದ್ದ ಒಂದು ಸ್ವಿಚ್ಚು.

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಸದ್ದು ಹಿಡಿಯುವ ಎರಡು ಪಿಕಪ್ಪುಗಳಿರುತ್ತವೆ. ಒಂದರದ್ದು ದಪ್ಪ ಗಂಟಲು, ಇನ್ನೊಂದರದ್ದು ಕೀಚಲು. ಯಾವುದು ಬಾಯಿ ಬಿಡಬೇಕು ಅಂತ ಹೇಳೋದು ಸ್ವಿಚ್ಚು. ನಮ್ಮ ಝಣಝಣನ ಗಿಟಾರು ಮಾಡಿದ ಪುಣ್ಯಾತ್ಮ ಆ ಸ್ವಿಚ್ಚನ್ನು ತಂದು ಕೂರಿಸಿದ್ದು ತಂತಿಗಳ ಪಕ್ಕದಲ್ಲೇ, ಕೈ ಬೀಸಿ ಇಳಿಯುವ ದಾರಿಗೆ ಸರಿಯಾಗಿ. ಝಣಝಣನಿಗೆ ಹುರುಪು ಬಂತೆಂದರೆ ಕೈ ಕೇಳಬೇಕಲ್ಲ! ಟಪ್ ಅಂತ ಬಡಿಯೋದು, ಗುಡುಗುತ್ತಿದ್ದ ಹಾಡು ನೆಗಡಿಯಾದವರ ಥರ ಮೂಗಿಗಿಳಿಯೋದು, ಇವನು ಗಾಬರಿಯಿಂದ ಮತ್ತೆ ತಟ್ಟಿ ದಾರಿಗೆ ತರೋದು. ಹನ್ನೊಂದು ವರ್ಷದಿಂದ ಇದೇ ಪಾಡು.

ಪಾರ್ಸೆಲ್ ಆಫೀಸಿನಲ್ಲಿ ಇವನು ಚೀಟಿ ಅಂಟಿಸುತ್ತಾ ಕಳೆದದ್ದೂ ಅದೇ ಹನ್ನೊಂದು ವರ್ಷ. ಆದರೆ ಇವತ್ತು ನಾಲ್ಕು ಗಂಟೆಗೆ ಸ್ಟುಡಿಯೋದಲ್ಲಿ ಪರೀಕ್ಷೆ. ಕ್ಲಬ್ಬಿನಲ್ಲಿ ಇವನು ನುಡಿಸಿದ್ದನ್ನು ಕೇಳಿ ದೊಡ್ಡ ಸಂಗೀತ ನಿರ್ದೇಶಕಿಯೇ ಕರೆ ಕಳಿಸಿದ್ದರು. ಗೆದ್ದರೆ ಅವರ ತಂಡದಲ್ಲಿ ಕಾಯಂ ಕೆಲಸ, ಚೀಟಿಗೂ ಅಂಟಿಗೂ ದೊಡ್ಡ ನಮಸ್ಕಾರ. ಅವತ್ತು ಕ್ಲಬ್ಬಿನಲ್ಲೂ ನಾಲ್ಕು ಸಲ ಕೈ ಬಡಿದಿತ್ತು. ಗದ್ದಲದಲ್ಲಿ ಅವರಿಗೆ ಗೊತ್ತಾಗಿರಲಿಕ್ಕಿಲ್ಲ ಅಂತ ಇವನ ಸಮಾಧಾನ.

ಬೆಳಿಗ್ಗೆ ಅಭ್ಯಾಸಕ್ಕೆ ಕೂತವನು ಮೊದಲ ನಿಮಿಷದಲ್ಲೇ ಸ್ವಿಚ್ಚಿಗೆ ಬಡಿದ.

"ಥೂ, ಈ ದರಿದ್ರ ಸ್ವಿಚ್ಚು!" ಅಂತ ಕೂಗಿಕೊಂಡ.

ಪಕ್ಕದ ಮನೆಯ ಕರೆಂಟ್ ಮಾವ ನಿವೃತ್ತ ಎಲೆಕ್ಟ್ರಿಷಿಯನ್. ಸ್ವಿಚ್ಚು ಅನ್ನೋ ಮಾತು ಗೋಡೆಯಾಚೆ ಕೇಳಿದ್ದೇ ತಡ, ಡ್ರಿಲ್ ಹಿಡಿದು ಹಾಜರಾದರು.

"ಎಲ್ಲಪ್ಪಾ ತೊಂದರೆ? ಟ್ಯೂಬ್‌ಲೈಟಾ, ಫ್ಯಾನಾ?"

"ಗಿಟಾರು, ಮಾವ."

ಮಾವ ಕನ್ನಡಕ ಏರಿಸಿ ನೋಡಿದರು. "ಯಾರೋ ತಲೆಕೆಟ್ಟವನು ಇಲ್ಲಿಟ್ಟಿರೋದು! ಓಡಾಡೋ ಜಾಗದಲ್ಲಿ ಯಾರಾದರೂ ಸ್ವಿಚ್ಚು ಹಾಕ್ತಾರೇನೋ? ಮೇಲಕ್ಕೆ ಎತ್ತಿಬಿಡೋಣ. ಅರ್ಧ ಗಂಟೆ ಕೆಲಸ."

"ರೀ, ಇವತ್ತೇ ಬೇಕಾ?" ಒಳಗಿನಿಂದ ಹೆಂಡತಿ ಕೇಳಿದಳು. "ನಾಳೆ ಬಿಚ್ಚಿಸಿದ್ರೆ ಆಗಲ್ವಾ?"

"ಇವತ್ತೇ ಆಗಬೇಕು ಕಣೇ. ಒಂದೇ ಒಂದು ತಪ್ಪಿಲ್ಲದೆ ನುಡಿಸಿ ಬರ್ತೀನಿ, ನೋಡ್ತಾ ಇರು!"

ಡ್ರಿಲ್ಲಿನ ಸದ್ದಿಗೆ ಮಹಡಿ ಮೇಲಿನ ಲೆಕ್ಕದ ಮೇಷ್ಟ್ರು ಇಳಿದು ಬಂದರು. "ನಿಲ್ಸಿ ನಿಲ್ಸಿ, ಅಳತೆ ಇಲ್ಲದೆ ತೂತು ಹಾಕೋದಾ?" ಅಂದವರೇ ಝಣಝಣನ ಕೈ ಇಪ್ಪತ್ತು ಸಲ ಬೀಸಿಸಿ, ಸ್ಕೇಲಿಟ್ಟು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದು, ಕೊನೆಗೆ ಗಿಟಾರಿನ ಮೇಲಂಚಿನಲ್ಲಿ ಒಂದು ಚುಕ್ಕೆ ಇಟ್ಟರು. "ಇಲ್ಲಿಗೆ ಕೈ ಬರೋ ಪ್ರಶ್ನೆಯೇ ಇಲ್ಲ."

ಕೈ ಬರಲಿಲ್ಲ, ನಿಜ. ತೂತು ಹಾಕಿ ಸ್ವಿಚ್ಚು ಕೂರಿಸಿ ನುಡಿಸಿದರೆ ಮೊಣಕೈ ಬಂತು. ಮೇಷ್ಟ್ರ ಲೆಕ್ಕದಲ್ಲಿ ಮೊಣಕೈಯೇ ಇರಲಿಲ್ಲ.

"ನೀವು ಪೆನ್ಸಿಲ್ ಕೆಳಗಿಡಿ ಮೇಷ್ಟ್ರೇ," ಅನ್ನುತ್ತಾ ಮಾವ ಎಡಗಡೆ ಭುಜಕ್ಕೆ ಹತ್ತಿರ, ಗಿಟಾರಿನ ಕತ್ತಿನ ಬುಡದಲ್ಲಿ ಇನ್ನೊಂದು ತೂತು ಕೊರೆದರು. ಒಳಗಿನ ತಂತಿ ಅಲ್ಲಿಯವರೆಗೆ ಸಾಲಲಿಲ್ಲ. ಮಾವ ಒಂದು ಕ್ಷಣ ಯೋಚಿಸಿ, ಝಣಝಣನ ಮನೆಯದೇ ಕಾಲಿಂಗ್ ಬೆಲ್ ಕಿತ್ತು ಅದರ ವೈರು ಎಳೆದುಕೊಂಡರು. ಅರ್ಧ ಗಂಟೆಯ ಕೆಲಸ ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಖಾಲಿ ತೂತುಗಳಿಗೆ ಹೆಂಡತಿ ಬ್ಯಾಂಡೇಜ್ ಪಟ್ಟಿ ಅಂಟಿಸಿದಳು. ಗಿಟಾರು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಹಾಗೆ ಕಾಣುತ್ತಿತ್ತು.

ಆದರೆ ಕೆಲಸ ಮಾತ್ರ ಭೇಷಾಗಿತ್ತು! ಎಷ್ಟೇ ಜೋರಾಗಿ ಬೀಸಿದರೂ ಕೈಗೆ ಸಿಕ್ಕಿದ್ದು ಬರೀ ತಂತಿ. ಝಣಝಣ ಎದೆ ಉಬ್ಬಿಸಿಕೊಂಡು ಹೊರಟ.

ಸ್ಟುಡಿಯೋದ ಬೆಂಚಿನ ಮೇಲೆ ಆರು ಜನ ಗಿಟಾರಿನವರು ಕೂತಿದ್ದರು. ಇವನನ್ನೇ ಮೊದಲು ಕರೆದರು. ಕಣ್ಣು ಮುಚ್ಚಿ ನುಡಿಸಿದ. ಜೀವಮಾನದಲ್ಲೇ ಅಷ್ಟು ಚೊಕ್ಕವಾಗಿ ನುಡಿಸಿರಲಿಲ್ಲ.

ನಿರ್ದೇಶಕಿ ತಲೆದೂಗಿದರು. "ಒಂದು ತಪ್ಪೂ ಇಲ್ಲ. ತುಂಬಾ ಚೆನ್ನಾಗಿದೆ. ಸರಿ, ಈಗ ಅದನ್ನ ನುಡಿಸಿ."

"ಯಾವುದು, ಮೇಡಂ?"

"ಅದೇ, ಅವತ್ತು ಕ್ಲಬ್ಬಿನಲ್ಲಿ ಮಾಡಿದ್ರಲ್ಲ. ಜೋರಾಗಿ ಹೋಗ್ತಿದ್ದ ಹಾಡು ಇದ್ದಕ್ಕಿದ್ದ ಹಾಗೆ ತೆಳ್ಳಗಾಗಿ, ನಾವು ಏನಾಯ್ತು ಅನ್ನೋಷ್ಟರಲ್ಲಿ ಮತ್ತೆ ಮೈಮೇಲೆ ಬಿತ್ತಲ್ಲ! ಮೂವತ್ತು ವರ್ಷದಲ್ಲಿ ಯಾರ ಕೈಯಲ್ಲೂ ನಾನು ಅದನ್ನ ಕೇಳಿಲ್ಲ. ನಿಮ್ಮನ್ನ ಕರೆಸಿದ್ದೇ ಅದಕ್ಕೆ. ತಪ್ಪಿಲ್ಲದೆ ನುಡಿಸೋರು ಹೊರಗಡೆ ಆರು ಜನ ಕೂತಿದ್ದಾರೆ."

ಝಣಝಣ ಸ್ವಿಚ್ಚಿದ್ದ ಹಳೆಯ ಜಾಗ ನೋಡಿದ, ಅಲ್ಲೀಗ ಬ್ಯಾಂಡೇಜ್ ಪಟ್ಟಿ. ಆದರೂ ಬಿಡಲಿಲ್ಲ. ನುಡಿಸುತ್ತಾ ನುಡಿಸುತ್ತಾ ಬಲಗೈಯನ್ನು ಎಡಭುಜದ ಕಡೆ ಹಾರಿಸಿದ. ಹಾಡು ನಿಂತೇಹೋಯಿತು. ಎರಡನೇ ಸಲ ಅವಸರದಲ್ಲಿ ಬೆರಳು ಗಿಟಾರಿನ ಬೆಲ್ಟಿಗೆ ಸಿಕ್ಕಿಕೊಂಡಿತು. ಮೂರನೇ ಸಲ ಸ್ವಿಚ್ಚು ಸಿಕ್ಕಿತು. ಅಷ್ಟರಲ್ಲಿ ನಿರ್ದೇಶಕಿ ಬಾಗಿಲ ಕಡೆ ತಿರುಗಿ, "ಮುಂದಿನವರು ಬನ್ನಿ," ಅಂದಿದ್ದರು.

ಸಂಜೆ ಗೇಟಿನಲ್ಲಿ ಕರೆಂಟ್ ಮಾವ, ಮೇಷ್ಟ್ರು, ಹೆಂಡತಿ ಮೂವರೂ ಕಾಯುತ್ತಿದ್ದರು.

"ಏನಯ್ಯಾ, ಒಂದ್ಸಲನಾದ್ರೂ ಕೈ ತಪ್ಪಿ ಸ್ವಿಚ್ಚಿಗೆ ತಗುಲಿತಾ?" ಮಾವ ಹೆಮ್ಮೆಯಿಂದ ಕೇಳಿದರು.

"ಇಲ್ಲ ಮಾವ," ಅಂದ ಝಣಝಣ. "ಮೇಡಂ ಕೈಮುಗಿದು ಕೇಳಿದ್ರೂ ತಗುಲ್ತಿರಲಿಲ್ಲ."

"ನಾನು ಹೇಳಲಿಲ್ವಾ!" ಅಂತ ಮಾವ ಮೇಷ್ಟ್ರ ಬೆನ್ನು ತಟ್ಟಿದರು.